ಬಾಯಿ ಒಂದೇ ಆಯಿತು, ಕೇಬಲ್ ಒಂದಾಗಲಿಲ್ಲ: ಯುಎಸ್‌ಬಿ-ಸಿ ಒಳಗೆ ಏನೇನಿದೆ?

ಎರಡೂ ತುದಿಗೆ ಟೈಪ್-ಸಿ ಇರುವ, ಒಂದೇ ಬಣ್ಣದ, ಒಂದೇ ಉದ್ದದ ಎರಡು ಕೇಬಲ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಒಂದು ಕೇಬಲ್ ಲ್ಯಾಪ್‌ಟಾಪ್‌ನಿಂದ ಮಾನಿಟರ್‌ಗೆ ಚಿತ್ರ ಕಳಿಸುತ್ತದೆ, 240 ವ್ಯಾಟ್‌ವರೆಗೆ ವಿದ್ಯುತ್ ಸಾಗಿಸುತ್ತದೆ, ಸೆಕೆಂಡಿಗೆ 40 ಗಿಗಾಬಿಟ್ ಡೇಟಾ ಒಯ್ಯುತ್ತದೆ. ಇನ್ನೊಂದನ್ನು ಅದೇ ಜಾಗದಲ್ಲಿ ಸಿಕ್ಕಿಸಿದರೆ ಮಾನಿಟರ್ ಕಪ್ಪಗೇ ಉಳಿಯುತ್ತದೆ, ಲ್ಯಾಪ್‌ಟಾಪ್ ನಿಧಾನಕ್ಕೆ ಚಾರ್ಜ್ ಆಗುತ್ತದೆ, ಡೇಟಾ 480 ಮೆಗಾಬಿಟ್‌ ದಾಟುವುದಿಲ್ಲ. ಅದು 2000ನೇ ಇಸವಿಯಲ್ಲಿ ಬಂದ ಯುಎಸ್‌ಬಿ 2.0ರ ವೇಗ. ಎರಡರಲ್ಲಿ ಯಾವುದೂ ಕೆಟ್ಟಿಲ್ಲ, ಯಾವುದೂ ನಕಲಿಯೂ ಅಲ್ಲ. ಎರಡನ್ನೂ ಯುಎಸ್‌ಬಿ ನಿಯಮದ ಪ್ರಕಾರವೇ ತಯಾರಿಸಲಾಗಿದೆ.

ಐರೋಪ್ಯ ಒಕ್ಕೂಟ 2022ರಲ್ಲಿ ತಂದ ಏಕರೂಪ ಚಾರ್ಜರ್ ನಿಯಮ 2024ರ ಡಿಸೆಂಬರ್ 28ರಿಂದ ಫೋನ್, ಟ್ಯಾಬ್ಲೆಟ್, ಕ್ಯಾಮೆರಾ, ಹೆಡ್‌ಫೋನ್‌ಗಳಿಗೆ ಟೈಪ್-ಸಿ ಕಡ್ಡಾಯ ಮಾಡಿತು. ಲ್ಯಾಪ್‌ಟಾಪ್‌ಗಳಿಗೆ ಕೊಟ್ಟ ಗಡುವು 2026ರ ಏಪ್ರಿಲ್ 28. ಒಂದೇ ಮಾರುಕಟ್ಟೆಗೆಂದು ಬೇರೆ ಪೋರ್ಟ್ ಮಾಡುವುದು ತಯಾರಕರಿಗೆ ಲಾಭವಲ್ಲ. ಹಾಗಾಗಿ ಈ ನಿಯಮದ ಫಲ ಎಲ್ಲ ಕಡೆಗೂ ಹರಿದಿದೆ. ಇದು ಒಳ್ಳೆಯ ಕೆಲಸ, ಅನುಮಾನವೇ ಇಲ್ಲ. ಆದರೆ ಇದರ ಬೆನ್ನಿಗೇ 'ಇನ್ನು ಮನೆಗೊಂದು ಕೇಬಲ್ ಸಾಕು' ಎಂಬ ನಂಬಿಕೆಯೂ ಬೆಳೆಯಿತು. ನಿಯಮ ಒಂದುಗೂಡಿಸಿದ್ದು ಬಾಯಿಯನ್ನು ಮಾತ್ರ. ಕೇಬಲ್ ಒಳಗೆ ಎಷ್ಟು ತಂತಿ ಹಾಕಬೇಕು, ಅವು ಎಷ್ಟು ದಪ್ಪ ಇರಬೇಕು, ಪ್ಲಗ್‌ನೊಳಗೆ ಚಿಪ್ ಇರಬೇಕೇ ಎಂಬುದನ್ನು ತಯಾರಕರು ಬೇರೆ ಬೇರೆಯಾಗಿ ತೀರ್ಮಾನಿಸುತ್ತಾರೆ. ಆ ತೀರ್ಮಾನಗಳು ಹೊರಗಿನಿಂದ ಕಾಣುವುದಿಲ್ಲ. ಹಾಗಾಗಿ ಕೇಬಲ್ ಕೈಗೆ ಬಂದಾಗ ಅದರ ಆಕಾರ, ಅದು ತಾಳುವ ವಿದ್ಯುತ್, ಅದರ ಡೇಟಾ ವೇಗ ಈ ಮೂರನ್ನೂ ಬಿಡಿಬಿಡಿಯಾಗಿಯೇ ಕೇಳಬೇಕು. ಒಂದರ ಉತ್ತರದಿಂದ ಇನ್ನೊಂದನ್ನು ಊಹಿಸಲು ಬರುವುದಿಲ್ಲ.

ಹಳೆಯ ಆಕಾರಗಳು

1996ರಲ್ಲಿ ಮೊದಲ ಯುಎಸ್‌ಬಿ ಬಂದಾಗ ಆಕಾರವೇ ಪಾತ್ರವನ್ನು ಹೇಳುತ್ತಿತ್ತು. ಚಪ್ಪಟೆ ಆಯತದ ಟೈಪ್-ಎ ಕಂಪ್ಯೂಟರ್ ಕಡೆಗೆ, ಚೌಕಾಕಾರದ ಟೈಪ್-ಬಿ ಪ್ರಿಂಟರ್‌ನಂಥ ಸಾಧನದ ಕಡೆಗೆ. ವಿದ್ಯುತ್ ಯಾವತ್ತೂ ಎ ಇಂದ ಬಿ ಕಡೆಗೇ ಹರಿಯುತ್ತಿತ್ತು. ಒಳಗಿದ್ದದ್ದು ನಾಲ್ಕೇ ತಂತಿ: 5 ವೋಲ್ಟ್‌ನ ಕೆಂಪು, ಗ್ರೌಂಡ್‌ನ ಕಪ್ಪು, ಡೇಟಾಗೆ ಬಿಳಿ ಮತ್ತು ಹಸಿರು. ಸಾಧನಗಳು ಸಣ್ಣದಾದಂತೆ ಮಿನಿ-ಬಿ ಬಂತು, 2007ರಲ್ಲಿ ಮೈಕ್ರೋ-ಬಿ ಬಂತು. ಮೈಕ್ರೋ-ಬಿಯ ದೊಡ್ಡ ಗುಣ ಅದರ ಬಾಳಿಕೆ. ಮಿನಿಗೆ 5,000 ಬಾರಿ ಸಿಕ್ಕಿಸಿ ತೆಗೆಯುವ ಲೆಕ್ಕವಿದ್ದರೆ ಮೈಕ್ರೋಗೆ 10,000. ಸವೆಯುವ ಸ್ಪ್ರಿಂಗ್ ಭಾಗವನ್ನು ಸಾಧನದಿಂದ ತೆಗೆದು ಕೇಬಲ್ ಕಡೆಗೆ ಹಾಕಿದ್ದೂ ಆಗಲೇ. ಟೈಪ್-ಸಿಯಲ್ಲೂ ಅದೇ ಜಾಣತನ ಮುಂದುವರಿದಿದೆ: ಮೊದಲು ಸಡಿಲವಾಗುವುದು ಕೇಬಲ್, ಸಾಧನದ ಪೋರ್ಟ್ ಅಲ್ಲ. ಹಾಗಾಗಿ ಫೋನ್‌ನಲ್ಲಿ ಪ್ಲಗ್ ಅಲುಗಾಡುತ್ತಿದ್ದರೆ ಮೊದಲು ಬೇರೆ ಕೇಬಲ್ ಹಾಕಿ ನೋಡಿ, ರಿಪೇರಿಯ ಮಾತು ಆಮೇಲೆ.

2008ರಲ್ಲಿ ಯುಎಸ್‌ಬಿ 3.0 ಬಂದಾಗ ಹಳೆಯ ನಾಲ್ಕರ ಜೊತೆ ಇನ್ನೂ ಐದು ಸಂಪರ್ಕಗಳು ಸೇರಿದವು. ಟೈಪ್-ಎಯಲ್ಲಿ ಅವು ಒಳಗಡೆ ಕೂತವು, ಸಾಮಾನ್ಯವಾಗಿ ನೀಲಿ ಪ್ಲಾಸ್ಟಿಕ್ ಅದರ ಗುರುತು. ಟೈಪ್-ಬಿಗೆ ತಲೆಯ ಮೇಲೊಂದು ಮಹಡಿ ಬಂತು, ಮೈಕ್ರೋ-ಬಿಗೆ ಪಕ್ಕದಲ್ಲೊಂದು ತುಂಡು ಅಂಟಿಕೊಂಡಿತು. ಹಳೆಯ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ಗಳಲ್ಲಿ ಕಾಣುವ ಅಗಲದ ಪ್ಲಗ್ ಇದೇ.

ನೀಲಿ ಪೋರ್ಟ್‌ಗೆ ಸಂಬಂಧಿಸಿದ ಒಂದು ಸಣ್ಣ ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಟೈಪ್-ಎ ಪ್ಲಗ್ ಒಳಹೋಗುವಾಗ ಮೊದಲು ತಾಗುವುದು ಉದ್ದನೆಯ ವಿದ್ಯುತ್ ಪಟ್ಟಿಗಳು, ನಂತರ ಹಳೆಯ ಡೇಟಾ ಪಟ್ಟಿಗಳು, ಕೊನೆಗೆ ಒಳಗಿನ ಐದು. ತೀರಾ ನಿಧಾನವಾಗಿ ತಳ್ಳಿದರೆ ಕೊನೆಯ ಐದು ತಾಗುವ ಮೊದಲೇ ಕಂಪ್ಯೂಟರ್ ಸಿಕ್ಕಿಸಿದ ಡ್ರೈವ್ ಅನ್ನು ಯುಎಸ್‌ಬಿ 2.0 ಎಂದು ಗುರುತಿಸಿಬಿಡಬಹುದು. ವೇಗ ಕಡಿಮೆ ಅನಿಸಿದರೆ ಡ್ರೈವ್ ಅನ್ನು ಸುರಕ್ಷಿತವಾಗಿ ಹೊರತೆಗೆದು, ಹಿಂಜರಿಯದೆ ಒಂದೇ ಸಲಕ್ಕೆ ಪೂರ್ತಿ ಒಳತಳ್ಳಿ.

ಟೈಪ್-ಸಿ ಪ್ಲಗ್‌ನ ಒಳಗೆ

2014ರಲ್ಲಿ ಬಂದ ಟೈಪ್-ಸಿಯಲ್ಲಿ 24 ಪಿನ್‌ಗಳಿವೆ, ಮೇಲೆ 12, ಕೆಳಗೆ 12. ವಿದ್ಯುತ್ತಿಗೆ ನಾಲ್ಕು, ಗ್ರೌಂಡ್‌ಗೆ ನಾಲ್ಕು, ಹಳೆಯ ಯುಎಸ್‌ಬಿ 2.0 ಡೇಟಾಗೆ ನಾಲ್ಕು, ವೇಗದ ಡೇಟಾಗೆ ನಾಲ್ಕು ಜೋಡಿ ಅಂದರೆ ಎಂಟು, ಇತರ ಬಳಕೆಗೆ ಎರಡು. ಉಳಿದ ಎರಡೇ ಇಡೀ ವ್ಯವಸ್ಥೆಯ ಮಿದುಳು. ಅವಕ್ಕೆ ಸಿಸಿ ಪಿನ್‌ಗಳು ಎನ್ನುತ್ತಾರೆ. ಪ್ಲಗ್ ಯಾವ ಕಡೆ ತಿರುಗಿದೆ, ಯಾರು ವಿದ್ಯುತ್ ಕೊಡುವವರು, ಯಾರು ಪಡೆಯುವವರು, ಎಷ್ಟು ಆಂಪಿಯರ್ ಎಳೆಯಬಹುದು, ಇವೆಲ್ಲ ಅಲ್ಲಿಯೇ ತೀರ್ಮಾನವಾಗುತ್ತವೆ.

ಕೇಬಲ್‌ನಲ್ಲಿ ಈ 24ಕ್ಕೂ ತಂತಿ ಇರಲೇಬೇಕೆಂದಿಲ್ಲ. ಫೋನ್ ಚಾರ್ಜಿಂಗ್‌ಗೆಂದು ಕೊಡುವ ಹೆಚ್ಚಿನ ಸಿ-ಸಿ (ಎರಡೂ ತುದಿಗೆ ಟೈಪ್-ಸಿ ಇರುವ) ಕೇಬಲ್‌ಗಳಲ್ಲಿ ಇರುವುದು ವಿದ್ಯುತ್, ಗ್ರೌಂಡ್, ಸಿಸಿ, ಜೊತೆಗೆ ಯುಎಸ್‌ಬಿ 2.0ರ ಒಂದು ಜೋಡಿ. ವೇಗದ ನಾಲ್ಕು ಜೋಡಿಗಳು ಅಲ್ಲಿಲ್ಲ. ಮೊದಲು ಹೇಳಿದ ಕಪ್ಪು ಮಾನಿಟರ್‌ಗೆ ಕಾರಣ ಇದೇ. ಟೈಪ್-ಸಿಯಲ್ಲಿ ಮಾನಿಟರ್‌ಗೆ ಚಿತ್ರ ಕಳಿಸುವ ಡಿಸ್‌ಪ್ಲೇಪೋರ್ಟ್ ಎಂಬ ಪದ್ಧತಿಯ ಚಿತ್ರ ಹರಿಯುವುದು ಆ ನಾಲ್ಕು ಜೋಡಿಗಳಲ್ಲಿ. ಅವು ಇಲ್ಲದ ಕೇಬಲ್‌ನಲ್ಲಿ ಚಿತ್ರ ಹೋಗಲು ದಾರಿಯೇ ಇಲ್ಲ. ಡ್ರೈವರ್ ಹೊಸದಾಗಿ ಹಾಕುವುದು, ಮಾನಿಟರ್ ಸೆಟ್ಟಿಂಗ್ ಬದಲಿಸುವುದು ಎಲ್ಲ ವ್ಯರ್ಥ. ಹಾಗೆಂದು ಪೂರ್ತಿ ತಂತಿಗಳ ಕೇಬಲ್ ಇದ್ದ ಮಾತ್ರಕ್ಕೆ ಚಿತ್ರ ಬರುತ್ತದೆ ಎಂದೂ ಅಲ್ಲ. ಲ್ಯಾಪ್‌ಟಾಪ್‌ನ ಆ ನಿರ್ದಿಷ್ಟ ಪೋರ್ಟ್ ಡಿಸ್‌ಪ್ಲೇಪೋರ್ಟ್ ಬೆಂಬಲಿಸಬೇಕು. ಒಂದೇ ಲ್ಯಾಪ್‌ಟಾಪ್‌ನ ಎರಡು ಟೈಪ್-ಸಿ ಪೋರ್ಟ್‌ಗಳಲ್ಲಿ ಒಂದಕ್ಕೆ ಮಾತ್ರ ಅದು ಇರುವುದೂ ಉಂಟು.

ಸಿಸಿ ಪಿನ್‌ಗಳ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಜನರನ್ನು ಕಾಡುವ ಅರ್ಧಕ್ಕರ್ಧ ತೊಂದರೆಗಳ ಮೂಲ ಅಲ್ಲಿದೆ. ಟೈಪ್-ಎ ಪೋರ್ಟ್‌ನಲ್ಲಿ 5 ವೋಲ್ಟ್ ಸದಾ ಇರುತ್ತದೆ. ಟೈಪ್-ಸಿ ಚಾರ್ಜರ್‌ನಲ್ಲಿ ಹಾಗಲ್ಲ: ಆ ತುದಿಯಲ್ಲಿ ವಿದ್ಯುತ್ ಬೇಕಾದ ಸಾಧನ ಇದೆ ಎಂದು ಖಾತ್ರಿಯಾಗುವವರೆಗೆ ಅದು ಏನನ್ನೂ ಕೊಡುವುದಿಲ್ಲ. ಆ ಖಾತ್ರಿ ಕೊಡುವುದು ಸಾಧನದ ಒಳಗೆ ಎರಡು ಸಿಸಿ ಪಿನ್‌ಗಳಿಗೂ ಪ್ರತ್ಯೇಕವಾಗಿ ಜೋಡಿಸಿದ 5.1 ಕಿಲೋ ಓಮ್‌ನ ಎರಡು ರೆಸಿಸ್ಟರ್‌ಗಳು. ಅಗ್ಗದ ಟ್ರಿಮ್ಮರ್, ಟಾರ್ಚ್, ಫ್ಯಾನ್‌ಗಳಲ್ಲಿ ಈ ಎರಡು ಪುಟ್ಟ ಬಿಡಿಭಾಗಗಳನ್ನು ಉಳಿಸಲು ಹೋಗಿ ಬಿಟ್ಟಿರುತ್ತಾರೆ. ಅಂಥ ಸಾಧನ ಎ-ಸಿ (ಒಂದು ತುದಿಗೆ ಟೈಪ್-ಎ, ಇನ್ನೊಂದಕ್ಕೆ ಟೈಪ್-ಸಿ ಇರುವ) ಕೇಬಲ್‌ನಲ್ಲಿ ಸರಿಯಾಗಿ ಚಾರ್ಜ್ ಆಗುತ್ತದೆ, ಸಿ-ಸಿ ಕೇಬಲ್‌ನಲ್ಲಿ ಮಾತ್ರ ಮಿಸುಕಾಡುವುದಿಲ್ಲ. ಹೊಸ ಚಾರ್ಜರ್ ಹಾಳಾಗಿದೆ ಎಂದುಕೊಂಡು ಅದನ್ನು ವಾಪಸ್ ಮಾಡುವವರಿದ್ದಾರೆ. ತಪ್ಪು ಚಾರ್ಜರ್‌ನದಲ್ಲ, ಕೇಬಲ್‌ನದೂ ಅಲ್ಲ.

ಇದೇ ಜಾಗದಲ್ಲಿ ಅನುಭವಿಗಳೂ ಎಡವಿದ್ದಾರೆ. 2019ರಲ್ಲಿ ಬಂದ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್‌ನ ಮೊದಲ ಬೋರ್ಡ್‌ಗಳಲ್ಲಿ ಎರಡು ಸಿಸಿ ಪಿನ್‌ಗಳನ್ನು ಸೇರಿಸಿ ಒಂದೇ ರೆಸಿಸ್ಟರ್‌ಗೆ ಕೊಡಲಾಗಿತ್ತು. ಸಾಧಾರಣ ಕೇಬಲ್‌ನಲ್ಲಿ ಅದು ನಡೆಯುತ್ತಿತ್ತು. ಒಳಗೆ ಗುರುತಿನ ಚಿಪ್ ಇರುವ ಉತ್ತಮ ಕೇಬಲ್ ಹಾಕಿದರೆ, ಚಾರ್ಜರ್ ಅದನ್ನು ಆಡಿಯೋ ಅಡಾಪ್ಟರ್ ಎಂದು ತಿಳಿದು ವಿದ್ಯುತ್ತನ್ನೇ ಕೊಡುತ್ತಿರಲಿಲ್ಲ. ಮುಂದಿನ ಬೋರ್ಡ್‌ಗಳಲ್ಲಿ ಅದನ್ನು ಸರಿಪಡಿಸಿದರು.

ಇನ್ನು ಎ-ಸಿ ಕೇಬಲ್. ಇದರ ಪ್ಲಗ್‌ನೊಳಗೆ 56 ಕಿಲೋ ಓಮ್‌ನ ಒಂದು ರೆಸಿಸ್ಟರ್ ಇರಲೇಬೇಕು. 'ಆ ಕಡೆ ಇರುವುದು ಹಳೆಯ ಪೋರ್ಟ್, ಹೆಚ್ಚು ಎಳೆಯಬೇಡ' ಎಂದು ಅದು ಫೋನ್‌ಗೆ ಹೇಳುತ್ತದೆ. ಅದರ ಬದಲು 10 ಕಿಲೋ ಓಮ್ ಹಾಕಿದ್ದರೆ ಫೋನ್‌ಗೆ 3 ಆಂಪಿಯರ್ ಸಿಗುತ್ತದೆಂಬ ಸುಳ್ಳು ಭರವಸೆ ಹೋಗುತ್ತದೆ. ಯುಎಸ್‌ಬಿ 2.0 ಪೋರ್ಟ್‌ನ ನಿಗದಿ 0.5 ಆಂಪಿಯರ್, 3.0 ಪೋರ್ಟ್‌ನದು 0.9. ಅದರಿಂದ 3 ಆಂಪಿಯರ್ ಎಳೆಯಲು ಹೊರಟರೆ ಪೋರ್ಟ್ ಬಿಸಿಯಾಗುತ್ತದೆ, ರಕ್ಷಣೆ ಇದ್ದರೆ ತಾನೇ ನಿಂತುಬಿಡುತ್ತದೆ, ಇಲ್ಲದಿದ್ದರೆ ಸುಡುತ್ತದೆ. 2015ರ ಕೊನೆಯಲ್ಲಿ ಗೂಗಲ್ ಎಂಜಿನಿಯರ್ ಬೆನ್ಸನ್ ಲಿಯುಂಗ್ ಆನ್‌ಲೈನ್‌ನಲ್ಲಿ ಮಾರುವ ಟೈಪ್-ಸಿ ಕೇಬಲ್‌ಗಳನ್ನು ಒಂದೊಂದಾಗಿ ತರಿಸಿ ಅಳೆದಾಗ ಇಂಥ ತಪ್ಪು ರೆಸಿಸ್ಟರ್‌ನ ಕೇಬಲ್‌ಗಳು ಸಾಲುಸಾಲಾಗಿ ಸಿಕ್ಕವು. 2016ರ ಫೆಬ್ರವರಿಯಲ್ಲಿ ಪರೀಕ್ಷಿಸಿದ ಒಂದರಲ್ಲಂತೂ ವಿದ್ಯುತ್ ಮತ್ತು ಗ್ರೌಂಡ್ ತಂತಿಗಳೇ ಅದಲುಬದಲಾಗಿದ್ದವು. ಅದನ್ನು ಸಿಕ್ಕಿಸಿದ ಅವರ ಲ್ಯಾಪ್‌ಟಾಪ್ ಹಾಳಾಯಿತು. ಕೇಬಲ್ ಎಂದರೆ ಬರೀ ತಂತಿ ಎಂಬ ಎಣಿಕೆಯನ್ನು ಕೈಬಿಡಲು ಈ ಒಂದು ಪ್ರಕರಣ ಸಾಕು.

ವ್ಯಾಟ್ ಅಲ್ಲ, ಆಂಪಿಯರ್ ನೋಡಿ

ತಂತಿಯ ದಪ್ಪ ಏಕೆ ಮುಖ್ಯ ಎಂಬುದಕ್ಕೆ ಒಂದು ಲೆಕ್ಕ ಮಾಡೋಣ. 28 ಗೇಜ್‌ನ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.21 ಓಮ್ ರೋಧ. ವಿದ್ಯುತ್ ಹೋಗಿ ಬರಬೇಕಾದ್ದರಿಂದ 1 ಮೀಟರ್ ಕೇಬಲ್‌ನಲ್ಲಿ ಅದು 0.42 ಓಮ್. 2 ಆಂಪಿಯರ್ ಹರಿದರೆ ದಾರಿಯಲ್ಲೇ 0.84 ವೋಲ್ಟ್ ಹೋಗುತ್ತದೆ. ಚಾರ್ಜರ್ 5 ವೋಲ್ಟ್ ಕೊಟ್ಟರೂ ಫೋನ್‌ಗೆ ಮುಟ್ಟುವುದು 4.16. ವೋಲ್ಟೇಜ್ ಕುಸಿದದ್ದನ್ನು ಕಂಡ ಫೋನ್ ತಾನಾಗಿ ಎಳೆತ ತಗ್ಗಿಸುತ್ತದೆ, ನಮಗೆ ಅದು 'ನಿಧಾನ ಚಾರ್ಜಿಂಗ್' ಆಗಿ ಕಾಣುತ್ತದೆ. ಅದೇ ಉದ್ದದ 24 ಗೇಜ್ ತಂತಿಯಲ್ಲಿ ನಷ್ಟ 0.34 ವೋಲ್ಟ್ ಮಾತ್ರ. ಗೇಜ್ ಸಂಖ್ಯೆ ಕಡಿಮೆಯಾದಷ್ಟೂ ತಂತಿ ದಪ್ಪ. ಕೆಲವು ಕೇಬಲ್‌ಗಳ ಹೊದಿಕೆಯ ಮೇಲೆ 28 ಮತ್ತು 24 ಎಂದು ಎರಡು ಸಂಖ್ಯೆ ಅಚ್ಚಾಗಿರುತ್ತವೆ. ಮೊದಲನೆಯದು ಡೇಟಾ ತಂತಿಯದು, ಎರಡನೆಯದು ವಿದ್ಯುತ್ ತಂತಿಯದು.

ಯುಎಸ್‌ಬಿ ಪವರ್ ಡೆಲಿವರಿ ಎಂಬ ಚಾರ್ಜಿಂಗ್ ಪದ್ಧತಿ ವೋಲ್ಟೇಜ್ ಏರಿಸುವುದು ಈ ನಷ್ಟ ತಪ್ಪಿಸಲಿಕ್ಕೇ. 60 ವ್ಯಾಟ್ ಅನ್ನು 5 ವೋಲ್ಟ್‌ನಲ್ಲಿ ಸಾಗಿಸಲು 12 ಆಂಪಿಯರ್ ಬೇಕು, 20 ವೋಲ್ಟ್‌ನಲ್ಲಿ 3 ಸಾಕು. ಪ್ರತಿಯೊಂದು ಸಿ-ಸಿ ಕೇಬಲ್ 3 ಆಂಪಿಯರ್ ತಾಳಲೇಬೇಕು ಎಂಬುದು ನಿಯಮ. ಅಂದರೆ 60 ವ್ಯಾಟ್‌ವರೆಗೆ ಯಾವ ಸರಿಯಾದ ಕೇಬಲ್ ಆದರೂ ನಡೆಯುತ್ತದೆ. ಅದಕ್ಕಿಂತ ಮೇಲೆ ಹೋಗಲು 5 ಆಂಪಿಯರ್ ಕೇಬಲ್ ಬೇಕು, ಅದರ ಪ್ಲಗ್‌ನಲ್ಲಿ ಇ-ಮಾರ್ಕರ್ ಎಂಬ ಚಿಪ್ ಇರಬೇಕು. ಚಾರ್ಜರ್ ಮೊದಲು ಆ ಚಿಪ್ ಜೊತೆ ಮಾತಾಡಿ ಕೇಬಲ್ ಎಷ್ಟು ಆಂಪಿಯರ್, ಎಷ್ಟು ವೋಲ್ಟ್ ತಾಳುತ್ತದೆ ಎಂದು ತಿಳಿದುಕೊಳ್ಳುತ್ತದೆ. ಉತ್ತರ ಬರದಿದ್ದರೆ 100 ವ್ಯಾಟ್‌ನ ಚಾರ್ಜರ್ ಕೂಡ 60ಕ್ಕೇ ನಿಲ್ಲುತ್ತದೆ. 2021ರ ಪವರ್ ಡೆಲಿವರಿ 3.1 ಅದುವರೆಗಿನ 100 ವ್ಯಾಟ್‌ನ ಗರಿಷ್ಠ ಮಿತಿಯನ್ನು 48 ವೋಲ್ಟ್, 5 ಆಂಪಿಯರ್ ಅಂದರೆ 240 ವ್ಯಾಟ್‌ಗೆ ಏರಿಸಿತು. ಹಳೆಯ 100 ವ್ಯಾಟ್ ಕೇಬಲ್ ಇದ್ದರೆ ಎಸೆಯಬೇಕಿಲ್ಲ, 100ರವರೆಗೆ ಅದು ಇಂದಿಗೂ ಸಮರ್ಥ. ಹೊಸದು ಕೊಳ್ಳುವಾಗ ಮಾತ್ರ 240 ಎಂದಿರುವುದನ್ನೇ ಕೊಳ್ಳಿ.

ಇಲ್ಲೊಂದು ಬಲೆ ಇದೆ. ಕೆಲವು ಫೋನ್‌ಗಳು 45 ವ್ಯಾಟ್‌ಗೂ 5 ಆಂಪಿಯರ್ ಕೇಬಲ್ ಕೇಳುತ್ತವೆ. ಅವು 10 ವೋಲ್ಟ್ ಹತ್ತಿರ 4.5 ಆಂಪಿಯರ್ ಎಳೆಯುವ ಬಗೆಯವು. '60 ವ್ಯಾಟ್ ಕೇಬಲ್ ಇದೆಯಲ್ಲ, 45ಕ್ಕೆ ಸಾಲದೇ?' ಎಂದರೆ ಸಾಲದು, ಏಕೆಂದರೆ ಅದು 3 ಆಂಪಿಯರ್ ಕೇಬಲ್. ಇಂಥ ಫೋನ್‌ಗಳಿಗೆ ಚಾರ್ಜರ್‌ನಲ್ಲಿ ಪಿಪಿಎಸ್ ಎಂಬ ಸೌಲಭ್ಯವೂ ಬೇಕು. ವೋಲ್ಟೇಜ್ ಅನ್ನು 20 ಮಿಲಿವೋಲ್ಟ್‌ಗಳ ಸಣ್ಣ ಮೆಟ್ಟಿಲುಗಳಲ್ಲಿ ಬದಲಿಸುವ ವಿಧಾನ ಅದು. ಬ್ಯಾಟರಿಗೆ ಬೇಕಾದ ವೋಲ್ಟೇಜ್ ಚಾರ್ಜರ್‌ನಿಂದಲೇ ಬರುವುದರಿಂದ ಫೋನ್ ಒಳಗೆ ಶಾಖ ಕಡಿಮೆ. ಇವೆಲ್ಲಕ್ಕೂ ಹೊರತಾಗಿ ಕಂಪನಿಗಳ ಸ್ವಂತ ವೇಗದ ಚಾರ್ಜಿಂಗ್ ಪದ್ಧತಿಗಳಿವೆ. ಅವು ಪೆಟ್ಟಿಗೆಯ ಮೇಲೆ ಬರೆದ ದೊಡ್ಡ ಸಂಖ್ಯೆ ತಲುಪುವುದು ತಮ್ಮದೇ ಚಾರ್ಜರ್ ಮತ್ತು ತಮ್ಮದೇ ಕೇಬಲ್ ಎರಡೂ ಇದ್ದಾಗ ಮಾತ್ರ.

ವೇಗದ ಹೆಸರುಗಳ ಗೋಜಲು

5 ಗಿಗಾಬಿಟ್‌ನ ಯುಎಸ್‌ಬಿ 3.0 ಅನ್ನು 2013ರಲ್ಲಿ 3.1 ಜೆನ್ 1 ಎಂದರು, 2017ರಲ್ಲಿ 3.2 ಜೆನ್ 1 ಎಂದರು. ವೇಗ ಒಂದಿಷ್ಟೂ ಬದಲಾಗಲಿಲ್ಲ, ಹೆಸರು ಮಾತ್ರ ಬೆಳೆಯಿತು. ಹೀಗಾಗಿ ಪೆಟ್ಟಿಗೆಯ ಮೇಲೆ ಬರೀ 'ಯುಎಸ್‌ಬಿ 3.2' ಎಂದಿದ್ದರೆ ಅದು 5 ಇರಬಹುದು, 10 ಇರಬಹುದು, 20 ಇರಬಹುದು. ಈ ಗೋಜಲು ಮಾಡಿದ ಯುಎಸ್‌ಬಿ ಇಂಪ್ಲಿಮೆಂಟರ್ಸ್ ಫೋರಂ ಎಂಬ ಕಂಪನಿಗಳ ಕೂಟ ತಾನೇ 2022ರಲ್ಲಿ ದಾರಿ ಬದಲಿಸಿ, ಗ್ರಾಹಕರಿಗೆ ಆವೃತ್ತಿಯ ಹೆಸರು ಬೇಡ, 5, 10, 20, 40 ಗಿಗಾಬಿಟ್ ಎಂಬ ಸಂಖ್ಯೆ ಸಾಕು ಎಂದಿತು. ಪ್ರಮಾಣೀಕೃತ ಕೇಬಲ್‌ಗಳಿಗೆ ವೇಗ ಮತ್ತು ವ್ಯಾಟ್ ಎರಡನ್ನೂ ತೋರಿಸುವ ಲಾಂಛನವನ್ನೂ ಕೊಟ್ಟಿತು. ಇದು ಮೊದಲೇ ಆಗಬೇಕಿತ್ತು. ಐರೋಪ್ಯ ನಿಯಮ ಸಾಧನಕ್ಕೆ ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ವ್ಯಾಟ್ ಬೇಕೆಂದು ಪೆಟ್ಟಿಗೆಯ ಮೇಲೆ ತೋರಿಸಲು ಹೇಳುತ್ತದೆ. ಅಷ್ಟೇ ಸ್ಪಷ್ಟವಾಗಿ ಕೇಬಲ್‌ನ ಪ್ಲಗ್ ಮೇಲೆಯೇ ಎರಡು ಸಂಖ್ಯೆ ಅಚ್ಚಾಗಿರಬೇಕು. ಪೆಟ್ಟಿಗೆ ಮೊದಲ ದಿನವೇ ಕಸಕ್ಕೆ ಹೋಗುತ್ತದೆ, ಕೇಬಲ್ ಐದಾರು ವರ್ಷ ಉಳಿಯುತ್ತದೆ.

ಪೋರ್ಟ್ ಮತ್ತು ಕೇಬಲ್ ಎರಡರಲ್ಲಿ ನಿಧಾನದ್ದು ಯಾವುದೋ ಅದೇ ವೇಗವನ್ನು ನಿರ್ಧರಿಸುತ್ತದೆ. 2023ರಲ್ಲಿ ಬಂದ ಐಫೋನ್ 15ರ ಪೋರ್ಟ್ 480 ಮೆಗಾಬಿಟ್‌ನದು, ನೋಡಲು ಹಾಗೇ ಇರುವ 15 ಪ್ರೋ ಪೋರ್ಟ್ 10 ಗಿಗಾಬಿಟ್‌ನದು. ಆದರೆ ಪ್ರೋ ಪೆಟ್ಟಿಗೆಯಲ್ಲೂ ಬಂದದ್ದು ಯುಎಸ್‌ಬಿ 2.0 ಕೇಬಲ್. ದೊಡ್ಡ ವಿಡಿಯೋ ಕಡತಗಳನ್ನು ಕಂಪ್ಯೂಟರ್‌ಗೆ ಹಾಕುವವರು ಬೇರೆ ಕೇಬಲ್ ಕೊಳ್ಳದಿದ್ದರೆ ಆ ಪೋರ್ಟ್‌ನ ವೇಗ ಅವರಿಗೆ ಸಿಗುವುದೇ ಇಲ್ಲ.

ಉದ್ದ ಹೆಚ್ಚಿದಂತೆ ವೇಗ ಇಳಿಯುತ್ತದೆ. ಒಳಗೆ ಸಿಗ್ನಲ್ ಬಲಪಡಿಸುವ ಚಿಪ್ ಇಲ್ಲದ ಸಿ-ಸಿ ಕೇಬಲ್‌ಗೆ ಯುಎಸ್‌ಬಿ 2.0ರಲ್ಲಿ 4 ಮೀಟರ್‌ವರೆಗೆ ಅವಕಾಶವಿದೆ, 5 ಗಿಗಾಬಿಟ್‌ಗೆ ಸುಮಾರು 2 ಮೀಟರ್, 10ಕ್ಕೆ ಸುಮಾರು 1, 40ಕ್ಕೆ 0.8. ಆದ್ದರಿಂದ ತೆಳ್ಳಗೆ, ಮೆತ್ತಗೆ, 3 ಮೀಟರ್ ಉದ್ದವಿದ್ದು 40 ಗಿಗಾಬಿಟ್ ಎಂದು ಹೇಳಿಕೊಳ್ಳುವ ಅಗ್ಗದ ಕೇಬಲ್ ಅನ್ನು ನಂಬಬೇಡಿ. ಉದ್ದವೂ ವೇಗವೂ ಬೇಕಿದ್ದರೆ ಟೈಪ್-ಸಿ ಬಾಯಿಯನ್ನೇ ಬಳಸುವ ಇನ್ನೊಂದು ಪದ್ಧತಿಯಾದ ಥಂಡರ್‌ಬೋಲ್ಟ್ 4ರ ಕೇಬಲ್ ನೋಡಿ. ಅದರ ಪ್ಲಗ್ ಮೇಲೆ ಮಿಂಚಿನ ಗುರುತು ಮತ್ತು 4 ಎಂಬ ಅಂಕಿ ಇರುತ್ತದೆ. 2 ಮೀಟರ್ ಉದ್ದದಲ್ಲೂ 40 ಗಿಗಾಬಿಟ್ ಕೊಡುತ್ತದೆ, ಸಾಮಾನ್ಯ ಯುಎಸ್‌ಬಿ ಕೆಲಸಕ್ಕೂ ಒದಗುತ್ತದೆ. ಹಳೆಯ ಥಂಡರ್‌ಬೋಲ್ಟ್ 3ರ 2 ಮೀಟರ್ ಕೇಬಲ್‌ಗಳಲ್ಲಿ ಆ ಭರವಸೆ ಇಲ್ಲ. ಅವುಗಳಲ್ಲಿ ಎಷ್ಟೋ ಸಾಮಾನ್ಯ ಯುಎಸ್‌ಬಿ ಡ್ರೈವ್ ಹಾಕಿದಾಗ 480 ಮೆಗಾಬಿಟ್‌ಗೆ ಜಾರುತ್ತವೆ. 20 ಗಿಗಾಬಿಟ್ ಎನ್ನುವ ಎಸ್‌ಎಸ್‌ಡಿ (ವೇಗದ ಡ್ರೈವ್) ಕೊಳ್ಳುವ ಮುನ್ನವೂ ಕಂಪ್ಯೂಟರ್ 'ಜೆನ್ 2x2', ಅಂದರೆ ಯುಎಸ್‌ಬಿ 3.2ರ ಆ 20 ಗಿಗಾಬಿಟ್ ಬಗೆಯನ್ನು ಬೆಂಬಲಿಸುತ್ತದೆಯೇ ನೋಡಿಕೊಳ್ಳಿ. ನಂತರದ ಆವೃತ್ತಿಯಾದ ಯುಎಸ್‌ಬಿ4 ಇರುವ ಹಲವು ಲ್ಯಾಪ್‌ಟಾಪ್‌ಗಳಲ್ಲೂ ಅದು 10ಕ್ಕೇ ಇಳಿಯುತ್ತದೆ.

ಕೈಯಲ್ಲಿರುವ ಕೇಬಲ್ ಯಾವುದೆಂದು ತಿಳಿಯಲು

ಒಂದು ವೇಗದ ಎಸ್‌ಎಸ್‌ಡಿಯಿಂದ 10 ಗಿಗಾಬೈಟ್‌ನ ಒಂದೇ ಕಡತವನ್ನು ಕಂಪ್ಯೂಟರ್‌ಗೆ ನಕಲಿಸಿ. ಸಣ್ಣ ಸಣ್ಣ ಕಡತಗಳ ಕಂತೆ ಬೇಡ, ಅದು ಲೆಕ್ಕ ತಪ್ಪಿಸುತ್ತದೆ. ಯುಎಸ್‌ಬಿ 2.0 ಕೇಬಲ್ ಆದರೆ ಸೆಕೆಂಡಿಗೆ ಸುಮಾರು 40 ಮೆಗಾಬೈಟ್, ಅಂದರೆ ನಾಲ್ಕು ನಿಮಿಷ ಮೀರುತ್ತದೆ. 5 ಗಿಗಾಬಿಟ್ ಆದರೆ ಸೆಕೆಂಡಿಗೆ 400ರ ಆಸುಪಾಸು, ಅರ್ಧ ನಿಮಿಷದೊಳಗೆ ಮುಗಿಯುತ್ತದೆ. ವ್ಯತ್ಯಾಸ ಎಷ್ಟು ದೊಡ್ಡದೆಂದರೆ ಗಡಿಯಾರ ನೋಡಿಯೇ ಹೇಳಬಹುದು. ವಿದ್ಯುತ್ ಅಳೆಯಲು ಚಾರ್ಜರ್ ಮತ್ತು ಕೇಬಲ್ ನಡುವೆ ಸಿಕ್ಕಿಸುವ ಪುಟ್ಟ ಯುಎಸ್‌ಬಿ ಮೀಟರ್ ಸಿಗುತ್ತದೆ. ಬ್ಯಾಟರಿ ಶೇಕಡಾ 20ರಿಂದ 40ರ ನಡುವೆ ಇರುವಾಗ ಅಳೆಯಿರಿ. 80 ದಾಟಿದ ಮೇಲೆ ಎಲ್ಲ ಫೋನ್‌ಗಳೂ ತಾವಾಗಿಯೇ ಎಳೆತ ತಗ್ಗಿಸುತ್ತವೆ, ಆಗ ಕೇಬಲ್ ಮೇಲೆ ಸುಮ್ಮನೆ ಅಪವಾದ ಬರುತ್ತದೆ. ಕೇಬಲ್‌ನ ಚಿಪ್ ಓದಿ ತೋರಿಸುವ ಮೀಟರ್‌ಗಳೂ ಇವೆ, ಆದರೆ ಚಿಪ್ ಹೇಳುವುದು ತಯಾರಕ ಅದರಲ್ಲಿ ಬರೆದದ್ದನ್ನಷ್ಟೇ. ಅಳತೆಯೇ ಹೆಚ್ಚು ನಂಬಿಕೆಯದು. ಗೊತ್ತಾದ ಕೂಡಲೇ ಪ್ಲಗ್ ಹತ್ತಿರ ಒಂದು ಪಟ್ಟಿ ಅಂಟಿಸಿ ವೇಗ ಮತ್ತು ಆಂಪಿಯರ್ ಬರೆದಿಡಿ.

ಅಡಾಪ್ಟರ್‌ಗಳ ವಿಷಯದಲ್ಲಿ ಎಚ್ಚರ ಬೇಕು. ಸಿ ಪ್ಲಗ್ ಇದ್ದು ಎ ರಂಧ್ರ ಇರುವುದು ಸರಿಯಾದ ಅಡಾಪ್ಟರ್. ಇದಕ್ಕೆ ತಿರುಗುಮುರುಗಾದದ್ದು, ಅಂದರೆ ಎ ಪ್ಲಗ್‌ಗೆ ಸಿ ರಂಧ್ರ ಕೊಡುವುದು, ಯುಎಸ್‌ಬಿ ನಿಯಮದಲ್ಲಿ ಇಲ್ಲ. ಎಲ್ಲ ಕಡೆ ಮಾರುತ್ತಾರೆ ಎಂಬುದು ನಿಜ, ಆದರೆ ಅಂಥ ಎರಡನ್ನು ಒಂದು ಸಿ-ಸಿ ಕೇಬಲ್‌ಗೆ ಹಾಕಿದರೆ 5 ವೋಲ್ಟ್ ಕೊಡುವ ಎರಡು ಪೋರ್ಟ್‌ಗಳು ಎದುರುಬದುರಾಗುತ್ತವೆ. ಎರಡೂ ತುದಿಗೆ ಟೈಪ್-ಎ ಪ್ಲಗ್ ಇರುವ ಕೇಬಲ್‌ನ ಅಪಾಯವೂ ಇದೇ. ಟೈಪ್-ಸಿ ಎಕ್ಸ್‌ಟೆನ್ಶನ್ ಕೂಡ ನಿಯಮದ ಹೊರಗೆ. ಇ-ಮಾರ್ಕರ್‌ಗೆ ತನ್ನ ಕೇಬಲ್‌ನ ಸಾಮರ್ಥ್ಯ ಮಾತ್ರ ಗೊತ್ತು, ನಡುವೆ ಸೇರಿದ ತೆಳು ತಂತಿಯ ತುಂಡು ಗೊತ್ತಿಲ್ಲ. ಅದು 5 ಆಂಪಿಯರ್‌ಗೆ ಒಪ್ಪಿಗೆ ಕೊಡುತ್ತದೆ, ಬಿಸಿಯಾಗುವುದು ಆ ತುಂಡು.

ಯುಎಸ್‌ಬಿ 3 ಡ್ರೈವ್ ಸಿಕ್ಕಿಸಿದ ಕೂಡಲೇ ವೈರ್‌ಲೆಸ್ ಮೌಸ್ ತಡವರಿಸಿದರೆ ಮೌಸ್ ಕೆಟ್ಟಿದೆ ಎಂದುಕೊಳ್ಳಬೇಡಿ. 5 ಗಿಗಾಬಿಟ್ ಸಿಗ್ನಲ್‌ನ ಗದ್ದಲ 2.4 ಗಿಗಾಹರ್ಟ್ಸ್ ತರಂಗಗಳ ಮೇಲೆ ಬೀಳುತ್ತದೆ. ಮೌಸ್‌ನ ರಿಸೀವರ್ ಅನ್ನು ಗಿಡ್ಡ ಯುಎಸ್‌ಬಿ 2.0 ಎಕ್ಸ್‌ಟೆನ್ಶನ್‌ನಲ್ಲಿ ಒಂದಡಿ ದೂರ ಇಟ್ಟರೆ ಸಾಕು.

ಟೈಪ್-ಸಿ ಪ್ಲಗ್ ಪೂರ್ತಿ ಒಳಗೆ ಕೂರದೆ ಬೇಗ ಜಾರಿಬರುತ್ತಿದ್ದರೆ ಹೆಚ್ಚಿನ ಸಲ ಕಾರಣ ಜೇಬಿನ ದಾರದ ನಾರು. ಪ್ರತಿ ಸಲ ಪ್ಲಗ್ ಹಾಕಿದಾಗಲೂ ಅದು ತಳಕ್ಕೆ ಒತ್ತಿಕೊಂಡು ಗಟ್ಟಿಯಾಗಿರುತ್ತದೆ. ಫೋನ್ ಸ್ವಿಚ್ ಆಫ್ ಮಾಡಿ, ತೆಳುವಾದ ಮರದ ಕಡ್ಡಿಯಿಂದ ಪೋರ್ಟ್‌ನ ಒಳಗೋಡೆಯ ಅಂಚಿಗೆ ಸವರಿ ತೆಗೆಯಿರಿ. ಮಧ್ಯದ ನಾಲಿಗೆಯನ್ನು ಮೀಟಬೇಡಿ, ಪಿನ್ ಅಥವಾ ಸೂಜಿ ಬಳಸಬೇಡಿ. ಚಾರ್ಜ್ ಆಗುವಾಗ ತಂತಿ ತಣ್ಣಗಿದ್ದು ಪ್ಲಗ್ ಮಾತ್ರ ಮುಟ್ಟಲಾಗದಷ್ಟು ಬಿಸಿಯಾದರೆ ಒಳಗಿನ ಸಂಪರ್ಕ ಸವೆದಿದೆ ಅಥವಾ ತೇವ ಸೇರಿ ಕಪ್ಪಾಗಿದೆ. ಮೊದಲು ಪೋರ್ಟ್ ಒಣಗಿದೆಯೇ ನೋಡಿ, ಬೇರೆ ಕೇಬಲ್ ಹಾಕಿ. ಅದರಲ್ಲಿ ಬಿಸಿಯಾಗದಿದ್ದರೆ ಹಳೆಯದನ್ನು ಕತ್ತರಿಸಿ ಇ-ತ್ಯಾಜ್ಯಕ್ಕೆ ಹಾಕಿ. ಕತ್ತರಿಸದೆ ಬಿಟ್ಟರೆ ಮನೆಯಲ್ಲಿ ಇನ್ಯಾರೋ ಅದನ್ನೇ ಎತ್ತಿಕೊಂಡು ಲ್ಯಾಪ್‌ಟಾಪ್‌ಗೆ ಸಿಕ್ಕಿಸುತ್ತಾರೆ.